ಕಾಕ್ಸ್ ಟೌನಿನಿಂದ ಹೊರಟ ಹರಟೆ

ನಮ್ಮ ಫೋರಂ ಎಲ್ಲಿ ವಾಸವಾಗಿದೆ ಎಂದು ನನಗೆ ಗೊತ್ತಾದದ್ದು ಒಂದು ಮಿಕ್ಸಿಯಿಂದ.

ಆಗ ನಾನು ಇಂದಿರಾನಗರದಲ್ಲಿ, ಆಫೀಸಾಗಿ ಬದಲಾದ ಒಂದು ಬಂಗಲೆಯಲ್ಲಿ, ಯಂತ್ರಗಳ ಕೈಪಿಡಿಗಳನ್ನು ಇಂಗ್ಲಿಷಿನಲ್ಲಿ ಬರೆಯುವ ಕೆಲಸ ಮಾಡುತ್ತಿದ್ದೆ. ನನ್ನ ಮೇಜು ಇದ್ದದ್ದು ಆ ಮನೆಯ ಹಳೆಯ ಅಡುಗೆಮನೆಯಲ್ಲಿ. ಸಿಂಕು ಇನ್ನೂ ಹಾಗೇ ಇತ್ತು. ಅದರೊಳಗೆ ಪ್ರಿಂಟರಿನ ಕಾಗದದ ಕಟ್ಟುಗಳನ್ನು ಪೇರಿಸಿದ್ದರು. ಈ ಗುಂಡಿ ಒತ್ತಿ, ಆ ತಿರುಪು ಸಡಿಲಿಸಿ ಎಂದು ಬೆಳಗಿನಿಂದ ಬರೆದು ತಲೆ ಕೆಟ್ಟಾಗ, ಊಟದ ಹೊತ್ತಿನಲ್ಲಿ ಒಂದು ಕನ್ನಡ ಫೋರಂ ತೆರೆದುಕೊಂಡು ಕೂರುತ್ತಿದ್ದೆ.

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು, ಕಾಗುಣಿತದ ತಪ್ಪು ಹಿಡಿಯಲು ಕೆಲವರು ಸೇರಿ ಒಂದು ತಂತ್ರಾಂಶ ಕಟ್ಟುತ್ತಿದ್ದರು. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಅದರ ಕೋಡನ್ನು ಬಿಚ್ಚಿ ನೋಡಬಹುದು, ತಿದ್ದಬಹುದು. ಅದರ ವೆಬ್‌ಸೈಟಿಗೆ ಅಂಟಿಕೊಂಡಂತೆ ಈ ಫೋರಂ ಇತ್ತು. ಅಲ್ಲಿ ಎರಡು ಭಾಗ. 'ತಾಂತ್ರಿಕ' ಎನ್ನುವುದರಲ್ಲಿ ಅರ್ಕಾವೊತ್ತನ್ನು ಯಾವ ಕೀಲಿಯಲ್ಲಿ ಇಡಬೇಕು ಎಂಬಂಥ ಚರ್ಚೆ ವಾರಗಟ್ಟಲೆ ನಡೆಯುತ್ತಿತ್ತು. 'ಹರಟೆ' ಎನ್ನುವುದರಲ್ಲಿ ಉಳಿದದ್ದೆಲ್ಲ. ಚಿತ್ರಾನ್ನಕ್ಕೆ ಈರುಳ್ಳಿ ಹಾಕಬಹುದೇ ಎಂಬ ಪ್ರಶ್ನೆಗೆ ಅರ್ಕಾವೊತ್ತಿಗಿಂತ ಹೆಚ್ಚು ಉತ್ತರಗಳು ಬಂದಿದ್ದವು ಎಂದರೆ ಸಾಕು. ನಾನು ಸೇರಿದ್ದು ತಂತ್ರಾಂಶಕ್ಕೆ ಕನ್ನಡದಲ್ಲಿ ಕೈಪಿಡಿ ಬರೆದುಕೊಡಲು. ಆದರೆ ಈರುಳ್ಳಿಯ ಬಗ್ಗೆ ನನಗೂ ಅಭಿಪ್ರಾಯವಿತ್ತು.

ಒಂದು ದಿನ ಮಧ್ಯಾಹ್ನ ಫೋರಂ ತೆರೆಯಲೇ ಇಲ್ಲ. ತೊಂದರೆಯಾದರೆ ಕರೆ ಮಾಡಿ ಎಂದು ಪುಟದ ಕೆಳಗೆ ಕೊಟ್ಟಿದ್ದ ನಂಬರನ್ನು ನಾನು ಹಿಂದೊಮ್ಮೆ ಬರೆದಿಟ್ಟುಕೊಂಡಿದ್ದೆ. ಫೋನು ಮಾಡಿದೆ. ಎತ್ತಿದ್ದು ಒಬ್ಬ ಹೆಂಗಸು. ಹಿಂದೆ ಭರ್ರೆಂದು ಸದ್ದು.

"ಮೇಡಂ, ಫೋರಂ ಓಪನ್ ಆಗ್ತಾ ಇಲ್ಲ," ಎಂದೆ.

"ಆಗಲ್ಲಮ್ಮ, ಚಟ್ನಿ ರುಬ್ತಾ ಇದೀನಿ. ಮಿಕ್ಸಿ ಹಾಕಿದ್ರೆ ಅದು ಆಫ್ ಆಗೋಗತ್ತೆ. ಎರಡೇ ನಿಮಿಷ ಇರು. ಎಲ್ಲಿಂದಮ್ಮ ಮಾತಾಡ್ತಿರೋದು, ಅಮೆರಿಕಾನಾ?"

"ಇಲ್ಲ ಮೇಡಂ, ಇಂದಿರಾನಗರ."

"ಅಯ್ಯೋ, ಇಷ್ಟು ಹತ್ರ ಇದ್ಕೊಂಡು ಫೋನ್ ಮಾಡ್ತೀಯಲ್ಲ! ಭಾನುವಾರ ಮನೆಗೇ ಬಾ."

ಹೋದೆ. ಕಾಕ್ಸ್ ಟೌನಿನಲ್ಲಿ ಒಂದು ಬೇಕರಿಯ ಹಿಂದಿನ ಬೀದಿ, ಕೆಂಪು ಹೆಂಚಿನ ಹಳೇ ಮನೆ. ಊಟದ ಕೋಣೆಯ ಮೂಲೆಯಲ್ಲಿ ಒಂದು ಮರದ ಸ್ಟೂಲು. ಅದರ ಮೇಲೆ ಪಕ್ಕದ ತಗಡು ಬಿಚ್ಚಿದ ಒಂದು ಕಂಪ್ಯೂಟರು, ಎದುರಿಗೆ ಟೇಬಲ್ ಫ್ಯಾನು, ತಲೆಯ ಮೇಲೆ ಕ್ರೋಶಾ ಹಾಕಿದ ಬಿಳಿ ಬಟ್ಟೆ. ಸಿಂಗಾಪುರದಿಂದ ಷಿಕಾಗೋವರೆಗೆ ಕನ್ನಡಿಗರು ಜಗಳವಾಡಿಕೊಳ್ಳುತ್ತಿದ್ದದ್ದೆಲ್ಲ ಅಲ್ಲಿ, ಉಪ್ಪಿನಕಾಯಿ ಜಾಡಿಗಳಿಂದ ಎರಡು ಅಡಿ ದೂರದಲ್ಲಿ.

ಅದರ ಒಡೆಯರು ವಿಮಾನ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿದ್ದು ನಿವೃತ್ತರಾದವರು. ಮೂವತ್ತು ವರ್ಷ ರೆಕ್ಕೆಗಳನ್ನು ಬಿಡಿಸಿದ್ದರೂ ಒಮ್ಮೆಯೂ ವಿಮಾನ ಹತ್ತಿರಲಿಲ್ಲ. "ಒಳಗೆ ಏನೇನಿದೆ ಅಂತ ಗೊತ್ತಲ್ಲಮ್ಮ, ಧೈರ್ಯ ಬರಲ್ಲ," ಎನ್ನುತ್ತಿದ್ದರು. ಅವರನ್ನು ನಾನು ಅಂಕಲ್ ಎಂದೇ ಕರೆದೆ, ಅವರ ಹೆಂಡತಿಯನ್ನು ಆಂಟಿ. ಅಂಕಲ್ ಫೋರಮ್ಮಿನಲ್ಲಿ ಬರೆಯುತ್ತಿದ್ದ ಪ್ರತಿ ಸಂದೇಶಕ್ಕೂ ೧, ೧.೧, ೧.೨ ಎಂದು ಕಲಮುಗಳಿರುತ್ತಿದ್ದವು. ಮನೆಯ ಇಂಟರ್ನೆಟ್ಟಿಗೆ ಬದಲಾಗದ ವಿಳಾಸ ಬೇಕೆಂದು ಟೆಲಿಫೋನ್ ಕಚೇರಿಗೆ ತಿಂಗಳುಗಟ್ಟಲೆ ಅಲೆದು, ಕೊನೆಗೆ ಅಲ್ಲಿಯ ಅಧಿಕಾರಿಗೂ ಕನ್ನಡ ಟೈಪಿಂಗ್ ಕಲಿಸಿ, ವಿಳಾಸ ಪಡೆದುಕೊಂಡು ಬಂದಿದ್ದರು. ನಿವೃತ್ತಿಯ ದಿನ ಕಾರ್ಖಾನೆಯಿಂದ ಬಂದ ಬೆಳ್ಳಿ ತಟ್ಟೆಗಿಂತ ಆ ವಿಳಾಸ ಬರೆದ ಚೀಟಿಯ ಮೇಲೆ ಅವರಿಗೆ ಹೆಚ್ಚು ಅಭಿಮಾನ.

ಯಂತ್ರವನ್ನು ನಿಜವಾಗಿ ನಡೆಸುತ್ತಿದ್ದವರು ಮಾತ್ರ ಆಂಟಿ. ಕರೆಂಟು ಹೋದರೆ ಫೋನು ತೆಗೆದುಕೊಳ್ಳುವುದು, ಬಂದ ಮೇಲೆ ಸ್ವಿಚ್ ಹಾಕುವುದು, ಫ್ಯಾನಿನ ದೂಳು ಒರೆಸುವುದು ಎಲ್ಲ ಅವರೇ. ದಂಡು ಪ್ರದೇಶದಲ್ಲೇ ಹುಟ್ಟಿ ಬೆಳೆದವರು. ಮೀನಿನವನೊಂದಿಗೆ ದಖನಿ, ಹೂವಿನವಳೊಂದಿಗೆ ತಮಿಳು, ನಮ್ಮೊಂದಿಗೆ ಕನ್ನಡ. ಫೋರಮ್ಮಿನ ಸದಸ್ಯರನ್ನು ದನಿಯಿಂದ ಗುರುತಿಸುತ್ತಿದ್ದರು. "ನ್ಯೂಜರ್ಸಿ ಹುಡುಗ ಬೆಳಗ್ಗೆ ಫೋನ್ ಮಾಡಿದ್ದ ರೀ. ಶೀತ ಆಗಿದೆ ಅವನಿಗೆ, ಮೆಣಸಿನ ಸಾರು ಮಾಡ್ಕೋ ಅಂದೆ," ಎಂದು ಅಂಕಲ್ಲಿಗೆ ವರದಿ ಒಪ್ಪಿಸುತ್ತಿದ್ದರು.

ಈ ಸುಖಸಂಸಾರಕ್ಕೆ ಹುಳಿ ಹಿಂಡಿದವನು ಹಲಸೂರಿನ ನನ್ನ ಗೆಳೆಯ. ನೂರಡಿ ರಸ್ತೆಯ ಒಂದು ಆಫೀಸಿನಲ್ಲಿ ಕಂಪ್ಯೂಟರುಗಳನ್ನು ಒಂದಕ್ಕೊಂದು ಜೋಡಿಸುವ ಕೆಲಸ ಅವನದು. ಬಿಡುವಿನಲ್ಲಿ ನಮ್ಮ ತಂತ್ರಾಂಶಕ್ಕೆ ಕೋಡು ಬರೆಯುತ್ತಿದ್ದ. ಒಂದು ಭಾನುವಾರ ನನ್ನೊಂದಿಗೆ ಕಾಕ್ಸ್ ಟೌನಿಗೆ ಬಂದು, ಸ್ಟೂಲಿನ ಮೇಲಿನ ಯಂತ್ರವನ್ನು ನೋಡಿ, ಆಸ್ಪತ್ರೆಯ ಹೊರಗಡೆ ನೆಂಟರು ಮಾತಾಡುವ ದನಿಯಲ್ಲಿ ನನಗೆ ಹೇಳಿದ:

"ಗುರು, ಇದು ಜಾಸ್ತಿ ದಿನ ಇರಲ್ಲ. ಹೊರದೇಶದಲ್ಲಿ ಹೋಸ್ಟಿಂಗ್ ಕಂಪನಿಗಳಿದಾವೆ, ಬಾಡಿಗೆಗೆ ಜಾಗ ಕೊಡ್ತಾರೆ. ವೆಬ್‌ಸೈಟು, ಫೋರಂ ಎರಡೂ ಅಲ್ಲಿಗೆ ಶಿಫ್ಟ್ ಮಾಡ್ಬಿಡೋಣ."

ಅಂಕಲ್ ಕಿವಿ ಚುರುಕು. "ಹೊರದೇಶಾನಾ?" ಎಂದರು. "ಕನ್ನಡದ ಫೋರಂ ಅಲ್ಲಿಗ್ಯಾಕೆ ಹೋಗ್ಬೇಕು? ಇಲ್ಲಿ ಏನ್ ಕಮ್ಮಿ ಮಾಡಿದೀವಿ ಅದಕ್ಕೆ?"

"ಸಾರ್, ಅಲ್ಲಿ ಕರೆಂಟ್ ಹೋಗಲ್ಲ."

"ಇಲ್ಲಿ ಹೋದ್ರೆ ವಾಪಸ್ ಬರತ್ತಲ್ಲಪ್ಪ."

ವಿಷಯ ಫೋರಮ್ಮಿನ ಸದಸ್ಯರ ಮತಕ್ಕೇ ಹೋಯಿತು. ಅಂಕಲ್ 'ತಾಂತ್ರಿಕ' ಭಾಗದಲ್ಲಿ, ಸ್ಥಳಾಂತರವನ್ನು ಏಕೆ ವಿರೋಧಿಸಬೇಕು ಎಂದು ಇಪ್ಪತ್ತೆಂಟು ಕಲಮುಗಳ ಒಂದು ಲೇಖನ ಹಾಕಿದರು. ಬಹಳ ಚೆನ್ನಾಗಿಯೇ ಬರೆದಿದ್ದರು. ಅದರ ನಡುವೆಯೇ, ಎಷ್ಟೋ ದಿನದಿಂದ ಹೇಳುತ್ತ ಬಂದಿದ್ದ ಇನ್ನೊಂದು ಮಾತನ್ನೂ ಸೇರಿಸಿದ್ದರು: ಜಾಗದ ಕೊರತೆಯಿದ್ದರೆ 'ಹರಟೆ' ವಿಭಾಗವನ್ನೇ ಮುಚ್ಚಬಹುದು, ಅದರಿಂದ ಭಾಷೆಗೆ ನಯಾಪೈಸೆ ಉಪಯೋಗವಿಲ್ಲ. ಈ ಒಂದು ಕಲಮಿನಿಂದಲೇ ಅವರು ಸೋತರು. ಹರಟೆಯವರೆಲ್ಲ ಒಟ್ಟಾಗಿ ಸ್ಥಳಾಂತರದ ಪರ ಮತ ಹಾಕಿಬಿಟ್ಟರು.

ಸೋತ ಮೇಲೆ ಅಂಕಲ್ ಎರಡು ವಾರ ಮುನಿಸಿಕೊಂಡಿದ್ದರು. ನಾನು ಹೋದರೆ ಕಾಫಿ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ನನಗೂ ಸಂಕಟ. ಮನೆಗೆ ಕರೆದು ಊಟ ಹಾಕಿದವರ ವಿರುದ್ಧ ಮತ ಹಾಕಿದ್ದೆನಲ್ಲ! ಕೊನೆಗೆ ದೀಪಾವಳಿ ಕಳೆದ ವಾರ ಅವರೇ ಫೋನು ಮಾಡಿ, "ಆಯ್ತಮ್ಮ, ಅವನನ್ನ ಕರ್ಕೊಂಡು ಬಾ. ಮಾಡೋದನ್ನ ಸರಿಯಾಗಿ ಮಾಡೋಣ," ಎಂದರು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಮೂವರೂ ಸ್ಟೂಲಿನ ಮುಂದೆ ನಿಂತೆವು. "ಇವತ್ತು ಫೋರಂ ಮನೆ ಬದಲಾಯಿಸುತ್ತಿದೆ, ಸಹಕರಿಸಿ" ಎಂದು ನಾನು ಬರೆದ ಸೂಚನೆಯನ್ನು ಅಂಕಲ್ ಎರಡು ಕಡೆ ತಿದ್ದಿದ ನಂತರ ಹಾಕಿದೆವು. ಗೆಳೆಯ ಎಲ್ಲವನ್ನೂ ಹೊಸ ಜಾಗಕ್ಕೆ ಕಳಿಸಲು ಶುರು ಮಾಡಿದ. ಅರ್ಧ ಗಂಟೆ ಕಳೆದರೂ ಪರದೆಯ ಮೇಲಿನ ಗೆರೆ ಸಾಸಿವೆಯಷ್ಟು ಮುಂದೆ ಹೋಗಿತ್ತು. ಈ ಲೆಕ್ಕದಲ್ಲಿ ಬುಧವಾರ ಆಗುತ್ತದೆ ಎಂದ. ಯೋಚಿಸಿ, ಡಿಸ್ಕನ್ನೇ ಬಿಚ್ಚಿ ತನ್ನ ಆಫೀಸಿಗೆ ಒಯ್ಯೋಣ, ಅಲ್ಲಿಯ ಲೈನು ಜೋರಾಗಿದೆ, ಬಾಸನ್ನು ಕೇಳಿದ್ದೇನೆ ಎಂದ.

ಡಿಸ್ಕೆಂದರೆ ಒಂದು ಮೈಸೂರು ಸ್ಯಾಂಡಲ್ ಸೋಪಿನ ಡಬ್ಬಿಯಷ್ಟು ದೊಡ್ಡದು. ಆಂಟಿ ಅದನ್ನು ಒಗೆದ ಟವೆಲ್ಲಿನಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. ಗೆಳೆಯ ಬೈಕಿನಲ್ಲಿ ಮುಂದೆ ಹೋದ. ನಾನು ಮತ್ತು ಅಂಕಲ್ ಆಟೋ ಹತ್ತಿದೆವು. ಹತ್ತಿದ ಕೂಡಲೇ ಅಂಕಲ್, "ಹಂಪ್ ಬಂದ್ರೆ ನಿಧಾನ ಕಣಪ್ಪ," ಎಂದರು.

"ಏನ್ ಸಾರ್ ಅದು, ಮೊಟ್ಟೇನಾ?" ಎಂದ ಆಟೋದವನು.

"ಮೊಟ್ಟೆ ಅಲ್ಲ. ತುಂಬಾ ಜನ ಇದಾರೆ ಅದರೊಳಗೆ."

ಅವನು ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಆಮೇಲೆ ನಿಜವಾಗಿಯೂ ನಿಧಾನ ಓಡಿಸಿದ.

ಹಲಸೂರು ಕೆರೆ ದಾಟುವಾಗ ಅಂಕಲ್ಲಿಗೆ ಹುರುಪು ಬಂತು. ತಾವು ಓದಿದ ಶಾಲೆ ಯಾವ ಕಡೆ, ಹಿಂದೆ ಎಲ್ಲಿ ಈಜುತ್ತಿದ್ದರು ಎಂದು ಹೊರಗೆ ಕೈ ತೋರಿಸಿ ಹೇಳತೊಡಗಿದರು. ನಾನೂ ಆ ಕಡೆ ಬಗ್ಗಿದೆ. ಅದೇ ಹೊತ್ತಿಗೆ ಎದುರಿಗೆ ಒಂದು ಬಸ್ಸು ತಟ್ಟನೆ ನಿಂತಿತು. ಆಟೋದವನು ಬ್ರೇಕ್ ಒತ್ತಿದ. ಟವೆಲ್ಲಿನ ಗಂಟು ನನ್ನ ತೊಡೆಯಿಂದ ಜಾರಿ ಆಟೋದ ತಗಡಿನ ಮೇಲೆ ಠಣ್ ಎಂದು ಬಿತ್ತು. ಎತ್ತಿಕೊಂಡೆ. ಅಂಕಲ್ ಇನ್ನೂ ಶಾಲೆಯ ಕಡೆ ನೋಡುತ್ತಿದ್ದರು. ಕೇಳಿಸಿರಲಿಲ್ಲ ಎಂದುಕೊಂಡೆ. ನಾನು ಬಾಯಿ ಬಿಡಲಿಲ್ಲ.

ಆಫೀಸಿನಲ್ಲಿ ಗೆಳೆಯ ಡಿಸ್ಕನ್ನು ಜೋಡಿಸಿದಾಗ ಅದು ಗುಂಯ್ ಎಂದು ತಿರುಗಿತು. ನನ್ನ ಉಸಿರು ಸಲೀಸಾಯಿತು. ಎರಡು ಗಂಟೆಯಲ್ಲಿ ಎಲ್ಲವೂ ನಕಲಾಗಿ, ಸಮುದ್ರ ದಾಟಿ, ಹೊಸ ಜಾಗದಲ್ಲಿ ಕೂತಿತು. ನಾವು ಮೂವರೂ ಮಸಾಲೆದೋಸೆ ತಿಂದು ಬಂದು, ಸಂಭ್ರಮದಿಂದ ಫೋರಂ ತೆರೆದೆವು.

ಎಲ್ಲ ಕಡೆ ಪ್ರಶ್ನಾರ್ಥಕ ಚಿಹ್ನೆಗಳು. ಇಂಗ್ಲಿಷಿನಲ್ಲಿದ್ದ ಬರೆದವರ ಹೆಸರು ಸರಿಯಾಗಿತ್ತು, ತಾರೀಕು ಸರಿಯಾಗಿತ್ತು, ನಡುನಡುವೆ ಇಂಗ್ಲಿಷ್ ಅಕ್ಷರಗಳಲ್ಲೇ ಬರೆದಿದ್ದ ಪದಗಳೂ ಸರಿಯಾಗಿದ್ದವು. ಕನ್ನಡದ ಒಂದೊಂದು ಅಕ್ಷರವೂ ಪ್ರಶ್ನಾರ್ಥಕ ಚಿಹ್ನೆಯಾಗಿತ್ತು. ಯಾರೋ ಉದ್ದಕ್ಕೆ ಬರೆದ ಪ್ರವಾಸಕಥನದಲ್ಲಿ ನೂರಾರು ಚಿಹ್ನೆಗಳ ನಡುವೆ 'ಪಂಕ್ಚರ್' ಎಂಬ ಇಂಗ್ಲಿಷ್ ಪದ ಮಾತ್ರ ಉಳಿದಿತ್ತು.

ಅಂಕಲ್ ಕನ್ನಡಕ ಒರೆಸಿ ಹಾಕಿಕೊಂಡು ನೋಡಿದರು. "ಹೊರದೇಶದವರಿಗೆ ನಾವು ಹೇಳಿದ್ದು ಒಂದೂ ಅರ್ಥ ಆಗಿಲ್ಲ ಕಾಣತ್ತೆ," ಎಂದರು.

"ಏನಾಗಲ್ಲ ಸಾರ್. ನಕಲು ತೆಗೆಯುವಾಗ ಅಕ್ಷರದ ಆಯ್ಕೆ ತಪ್ಪಾಗಿ ಕೊಟ್ಟಿದೀನಿ. ಮೂಲ ಇದೆಯಲ್ಲ, ಇನ್ನೊಂದು ಸಲ ತೆಗೀತೀನಿ," ಎಂದ ಗೆಳೆಯ.

ಇನ್ನೊಂದು ಸಲ ಡಿಸ್ಕನ್ನು ಚಾಲೂ ಮಾಡಿದ. ಅದು ಕಟಕಟ ಎಂದಿತು. ಆಮೇಲೆ ಕಟ ಎಂದಿತು. ಆಮೇಲೆ ಏನೂ ಅನ್ನಲಿಲ್ಲ.

ಗೆಳೆಯ ಎಷ್ಟು ಸಲ ತಂತಿ ಬಿಚ್ಚಿ ಹಾಕಿದನೋ. ನಾನು ಕಿಟಕಿಯ ಬಳಿ ಹೋಗಿ ನಿಂತೆ. ಕಿವಿಯಲ್ಲಿ ಆ ಠಣ್ ಎಂಬ ಸದ್ದೇ. ಅಂಕಲ್ ಮಾತ್ರ ಬೈಯಲಿಲ್ಲ, ಕಲಮು ಹೇಳಲಿಲ್ಲ. "ಯುಗಾದಿ ಹಬ್ಬದಲ್ಲಿ ಒಂದು ಸೀಡಿಗೆ ಪೂರ್ತಿ ನಕಲು ಹಾಕಿದ್ದೆ. ಅಲ್ಲಿವರೆಗಿಂದು ಇದೆ. ಆಮೇಲಿಂದು ಹೋಯ್ತು," ಎಂದಷ್ಟೇ ಹೇಳಿ, ಸತ್ತ ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ ಎದ್ದರು. ಯುಗಾದಿಯಿಂದ ದೀಪಾವಳಿಯವರೆಗೆ, ಅಂದರೆ ಏಳು ತಿಂಗಳ ಮಾತುಕತೆ.

ಕಾಕ್ಸ್ ಟೌನಿಗೆ ವಾಪಸು ಬಂದು ಆಂಟಿಗೆ ಹೇಳಿದಾಗ ಅವರು ಸೊಪ್ಪು ಬಿಡಿಸುತ್ತಿದ್ದರು. "ಹೋಗಿರೋದು ಯಾವ್ದು, ಹರಟೆನಾ?" ಎಂದು ಕೇಳಿದರು.

"ಎರಡೂ ಆಂಟಿ."

"ಹರಟೆ ಯಾಕೆ ಹೋಗತ್ತೆ? ನನ್ಹತ್ರ ಇದೆಯಲ್ಲ."

ಅಂಕಲ್ ಥಟ್ಟನೆ, "ಲೇ, ಸುಮ್ನಿರೇ," ಎಂದರು. ಅಷ್ಟರಲ್ಲಿ ಆಂಟಿ ಎದ್ದು ಕೈ ಒರೆಸಿಕೊಂಡು ಒಳಗಿನಿಂದ ಒಂದು ಟೀವಿ ಬಂದ ರಟ್ಟಿನ ಡಬ್ಬ ಎಳೆದು ತಂದರು. ಅದರ ತುಂಬ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರಿನ ಉದ್ದನೆಯ ಮಡಿಕೆ ಕಾಗದ. ಪರದೆ ನೋಡಿದರೆ ಆಂಟಿಗೆ ಕಣ್ಣಲ್ಲಿ ನೀರು ಬರುತ್ತಿತ್ತಂತೆ. ಹಾಗಾಗಿ ಅಂಕಲ್ ಪ್ರತಿದಿನ ಊಟದ ಮೇಲೆ ಹರಟೆ ವಿಭಾಗವನ್ನು ಪ್ರಿಂಟು ತೆಗೆದುಕೊಡುತ್ತಿದ್ದರು. ಒಂದು ದಿನವೂ ತಪ್ಪಿಸಿರಲಿಲ್ಲ. ಹರಟೆಯನ್ನು ಮುಚ್ಚಬೇಕೆಂದು ಇಡೀ ಫೋರಮ್ಮಿಗೆ ಉಪದೇಶ ಮಾಡಿದ ಮನುಷ್ಯ ಈಗ ಕ್ಯಾಲೆಂಡರಿನ ಕಡೆ ತಿರುಗಿ ಏಕಾದಶಿ ಯಾವಾಗ ಎಂದು ನೋಡುತ್ತಿದ್ದರು.

"ಇವರೂ ಓದ್ತಾರಮ್ಮ," ಎಂದರು ಆಂಟಿ. "ನಾನು ಮಲಗಿದಾಗ. ಚಿತ್ರಾನ್ನದ ಜಗಳಾನ ಎರಡು ಸಲ ಓದಿದಾರೆ."

ಗೆಳೆಯ ನಗು ತಡೆಯಲಾರದೆ ಬೈಕಿನ ಕೀ ಹುಡುಕುವ ನೆಪದಲ್ಲಿ ಹೊರಗೆ ಹೋದ.

ಮುಂದಿನ ನಾಲ್ಕು ಭಾನುವಾರ ನಾವು ಕಾಕ್ಸ್ ಟೌನಿನಲ್ಲಿ ಕೂತು ಆ ಹರಟೆಯನ್ನೆಲ್ಲ ಮತ್ತೆ ಟೈಪ್ ಮಾಡಿದೆವು. ಗೆಳೆಯ ಒಂದು ಕಂಪ್ಯೂಟರಿನಲ್ಲಿ, ನಾನು ಇನ್ನೊಂದರಲ್ಲಿ, ಅಂಕಲ್ ಕಾಗದ ಹಿಡಿದು ಓದಿ ಹೇಳುವುದು. ಪ್ರಶ್ನಾರ್ಥಕ ಚಿಹ್ನೆಗಳ ಪ್ರತಿಯಲ್ಲಿ ಹೆಸರು, ತಾರೀಕು, ಸಾಲುಗಳ ಉದ್ದ ಎಲ್ಲ ಉಳಿದಿದ್ದರಿಂದ ಯಾವ ಮಾತು ಎಲ್ಲಿ ಕೂರಬೇಕೆಂದು ಹೊಂದಿಸಿಕೊಳ್ಳಬಹುದಾಗಿತ್ತು. ಅಂಕಲ್ ಓದುವಾಗ ಕಾಗುಣಿತ ತಿದ್ದಿ ಓದುತ್ತಾರೆ ಎಂದು ಎರಡನೇ ವಾರ ಗೊತ್ತಾಯಿತು. "ಇದ್ದದ್ದು ಇದ್ದಂಗೆ ಓದಿ ಸಾರ್," ಎಂದು ಗೆಳೆಯ ಬೇಡಿಕೊಂಡ. "ಶೀತಕ್ಕೆ 'ಸೀತ' ಅಂತ ಬರ್ದಿದಾನಪ್ಪ. ಹೆಂಗ್ ಓದ್ಲಿ? ಅವಳು ಬೇರೆ ಹೆಂಗ್ಸು," ಎಂದರು ಅಂಕಲ್.

ಎರಡನೆಯ ಭಾನುವಾರವೇ ಇರಬೇಕು, ಆಂಟಿಗೆ ತೆಂಗಿನಕಾಯಿ ತುರಿದು ಕೊಡುತ್ತ ಅಡುಗೆಮನೆಯಲ್ಲಿದ್ದೆ. ತಡೆಯಲಾಗಲಿಲ್ಲ. "ಆಂಟಿ, ಡಿಸ್ಕ್ ಕೆಟ್ಟಿದ್ದು ನನ್ನಿಂದ. ಆಟೋದಲ್ಲಿ ಬೀಳಿಸಿಬಿಟ್ಟೆ," ಎಂದು ಹೇಳಿ, ತುರಿ ಹತ್ತಿದ ಕೈಯಿಂದಲೇ ಕಣ್ಣೊರೆಸಿಕೊಂಡೆ.

ಆಂಟಿ ಒಗ್ಗರಣೆಯ ಸೌಟನ್ನು ಕೆಳಗಿಟ್ಟು ನನ್ನ ಹತ್ತಿರ ಬಂದರು. "ಅಳ್ಬೇಡ. ಆಷಾಢದಲ್ಲಿ ನಾನು ಅದರ ಮೇಲೆ ರಸಂ ಚೆಲ್ಲಿದ್ದೆ. ಒರೆಸಿ ಬಟ್ಟೆ ಮುಚ್ಚಿದೆ. ಇವರಿಗೆ ಇವತ್ತಿಗೂ ಗೊತ್ತಿಲ್ಲ."

"ಗೊತ್ತು," ಎಂದರು ಅಂಕಲ್. ನೀರು ಕುಡಿಯಲು ಬಂದವರು ಬಾಗಿಲಲ್ಲೇ ನಿಂತಿದ್ದರು. "ಇಂಗಿನ ವಾಸ್ನೆ ಒಂದು ತಿಂಗ್ಳು ಬರ್ತಿತ್ತು." ಆಮೇಲೆ ನನ್ನ ಕಡೆ ನೋಡಿ, "ಆಟೋದಲ್ಲಿ ಬಿದ್ದಿದ್ದೂ ಕೇಳಿಸ್ತಮ್ಮ. ನೀನು ಹೆದರಿದ್ದೆ, ಅದಕ್ಕೆ ಶಾಲೆ ಕಡೆನೇ ನೋಡ್ತಾ ಇದ್ದೆ," ಎಂದರು. ಲೋಟ ತುಂಬಿಕೊಂಡರು, ಕುಡಿಯಲಿಲ್ಲ. "ಆ ಕಟಕಟ ಸದ್ದು ಗೌರಿ ಹಬ್ಬದಿಂದನೇ ಇತ್ತು. ಹೇಳಿದ್ರೆ ನೀವು ಬೇಗ ಸಾಗಿಸ್ತೀರ ಅಂತ ನಾನೇ ಹೇಳ್ಲಿಲ್ಲ. ಹೊಸ ಸೀಡಿ ಹಾಕ್ಬೇಕಿತ್ತು. ಹಾಕಿದ್ರೆ ಸಾಗಿಸೋಕೆ ತಯಾರಿ ಮಾಡ್ದಂಗೆ ಆಗತ್ತೆ ಅನ್ನಿಸ್ತು. ಬಿಟ್ಟೆ."

ಅಷ್ಟರಲ್ಲಿ ಊಟದ ಕೋಣೆಯಿಂದ ಗೆಳೆಯ, "ಯಾರಾದ್ರೂ ಬಂದು ಓದ್ರಪ್ಪ! ಬೆಂಡೆಕಾಯಿ ಗೊಜ್ಜು ಅರ್ಧಕ್ಕೇ ನಿಂತಿದೆ!" ಎಂದು ಕೂಗಿದ. ಅವನಿಗೆ ನಾವು ಇದನ್ನು ಯಾವತ್ತೂ ಹೇಳಲಿಲ್ಲ. ಅಕ್ಷರದ ಆಯ್ಕೆ ತಪ್ಪು ಕೊಟ್ಟದ್ದರಿಂದಲೇ ಎಲ್ಲ ಆಯಿತೆಂದು ಅವನು ಬಹಳ ದಿನ ನಮ್ಮೆಲ್ಲರ ಮುಂದೆ ಅತಿಯಾದ ವಿನಯ ತೋರಿಸುತ್ತಿದ್ದ. ಅದು ನಮಗೆ ಅನುಕೂಲವಾಗಿತ್ತು.

ಹೀಗೆ ಹೊಸ ಜಾಗದಲ್ಲಿ ಫೋರಂ ಮತ್ತೆ ತೆರೆದಾಗ ಅದರ ಇತಿಹಾಸ ಸ್ವಲ್ಪ ವಿಚಿತ್ರವಾಗಿತ್ತು. ಯುಗಾದಿಯವರೆಗೆ ಜನ ಕೋಡು, ಕೀಲಿ, ಕಾಗುಣಿತ ಎಂದೆಲ್ಲ ಗಂಭೀರವಾಗಿ ಮಾತಾಡಿದ್ದರು. ಆಮೇಲೆ ಏಳು ತಿಂಗಳು ಬರೀ ತಿಂಡಿ, ಬಸ್ಸು, ಬಾಡಿಗೆ ಮನೆ, ಮಗುವಿಗೆ ಹೆಸರು. ದೀಪಾವಳಿಯ ನಂತರ ಒಮ್ಮೆಲೇ ಬುದ್ಧಿ ಬಂದವರಂತೆ ಮತ್ತೆ ಕೋಡು. ತಾಂತ್ರಿಕದವರು ಒಂದು ವಾರ ಗೋಳಾಡಿದರು. ನಂತರ ಅವೇ ಪ್ರಶ್ನೆಗಳನ್ನು ಮತ್ತೆ ಕೇಳಿ, ಅವೇ ಉತ್ತರಗಳನ್ನು ಮತ್ತೆ ಬರೆದುಕೊಂಡರು. ಎರಡನೇ ಸಲದ ಉತ್ತರಗಳು ಹೆಚ್ಚು ಚಿಕ್ಕವಾಗಿಯೂ ಸರಿಯಾಗಿಯೂ ಇದ್ದವು ಎಂಬುದು ಗೆಳೆಯನ ಅಭಿಪ್ರಾಯ. ಅಂಕಲ್ಲರ ಇಪ್ಪತ್ತೆಂಟು ಕಲಮಿನ ಲೇಖನ ಮಾತ್ರ ಹೋಗೇ ಹೋಯಿತು. ಫೋರಂ ಹೊರದೇಶದಲ್ಲಿ ಒಂದು ದಿನವೂ ನಿಲ್ಲದೆ ನಡೆಯತೊಡಗಿದ ಮೇಲೆ ಅವರು ಅದನ್ನು ನೆನಪಿನಿಂದ ಮತ್ತೆ ಬರೆದು ಹಾಕಿದರು. ಈ ಸಲ ಮೂವತ್ತೊಂದು ಕಲಮುಗಳಾದವು. ಹರಟೆಯ ಕುರಿತ ಕಲಮು ಮಾತ್ರ ಇರಲಿಲ್ಲ.

ಆಂಟಿಗೆ ನಾನು ಟೈಪಿಂಗ್ ಕಲಿಸಿದೆ. ಕಣ್ಣಿನ ನೀರಿಗೆ ಡಾಕ್ಟರು ಹನಿ ಔಷಧಿ ಕೊಟ್ಟರು. ದೊಡ್ಡ ಅಕ್ಷರ ಮಾಡಿಕೊಂಡು, ಒಂದೇ ಬೆರಳಿನಲ್ಲಿ ಕುಟ್ಟುತ್ತ, ಅವರು ಹರಟೆಗೆ ಇಳಿದರು. ಆರು ತಿಂಗಳಲ್ಲಿ ಅಲ್ಲಿಯ ಉಸ್ತುವಾರಿಯೇ ಅವರ ಪಾಲಿಗೆ ಬಂತು. ಇಬ್ಬರು ಗಂಡಸರು ಕೈ ಮೀರಿ ಜಗಳಕ್ಕೆ ಬಿದ್ದರೆ, "ಇಬ್ರೂ ಊಟ ಮಾಡಿ ಬನ್ನಿ, ಆಮೇಲೆ ಮಾತಾಡಿ" ಎಂದು ಬರೆದು ಆ ಚರ್ಚೆಗೆ ಬೀಗ ಹಾಕಿಬಿಡುತ್ತಿದ್ದರು. ಊಟದ ಕೋಣೆಯ ಮೂಲೆಯಲ್ಲಿ ಫ್ರಿಜ್ಜು ಬಂತು.

ಕೈ ಖಾಲಿಯಾದ ಅಂಕಲ್ಲಿಗೆ ಏನು ಕೆಲಸ ಕೊಡುವುದೆಂದು ನಾವು ಚಿಂತೆ ಮಾಡುತ್ತಿದ್ದೆವು. ಅವರೇ ಹುಡುಕಿಕೊಂಡರು. ತಪ್ಪು ಹಿಡಿಯುವ ತಂತ್ರಾಂಶಕ್ಕೆ ಸರಿಯಾದ ಪದಗಳ ದೊಡ್ಡ ಪಟ್ಟಿ ಬೇಕಿತ್ತು. ಪುಸ್ತಕದ ಪದಗಳು ಸಾಲುವುದಿಲ್ಲ, ಬೀದಿಯ ಪದಗಳೂ ಬೇಕು ಎಂದು ಅವರು ತೀರ್ಮಾನಿಸಿ, ಶಿವಾಜಿನಗರದಿಂದ ಕೆ.ಆರ್. ಪುರದವರೆಗೆ ಒಂದು ನೋಟ್‌ಬುಕ್ ಹಿಡಿದು ಸುತ್ತತೊಡಗಿದರು. ಒಂದು ಶನಿವಾರ ಬೆಳಿಗ್ಗೆ ನಮ್ಮ ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೂ ಬಂದು ನನ್ನನ್ನು ಜೊತೆಗೆ ಕರೆದುಕೊಂಡರು. ಹೂವಿನವಳನ್ನು, ಬೀಗದ ರಿಪೇರಿಯವನನ್ನು ಕೇಳಿ ಮುಗಿಸಿ, ಸೈಕಲ್ಲಿನ ಮೇಲೆ ಚಾಕು ಮಸೆಯುವವನೊಬ್ಬನ ಮುಂದೆ ನಿಂತರು. ಕಿಡಿ ಹಾರಿಸುತ್ತ ತಿರುಗುತ್ತಿದ್ದ ಕಲ್ಲಿನತ್ತ ಪೆನ್ಸಿಲ್ ತೋರಿಸಿ, "ಇದಕ್ಕೆ ನಿಮ್ಮ ಕಸುಬಲ್ಲಿ ಏನಂತೀರಪ್ಪ?" ಎಂದು ಬಹಳ ಗೌರವದಿಂದ ಕೇಳಿದರು.

ಅವನು ತುಳಿಯುವುದನ್ನು ನಿಲ್ಲಿಸಿ, ಈ ಪ್ರಶ್ನೆಯಲ್ಲಿ ಏನಾದರೂ ಮೋಸವಿದೆಯೇ ಎಂದು ಅವರನ್ನೂ ನನ್ನನ್ನೂ ದಿಟ್ಟಿಸಿದ.

"ಕಲ್ಲು ಸಾರ್," ಎಂದ.

ಅಂಕಲ್ ಹಾಳೆ ತಿರುಗಿಸಿ, ಗೆರೆ ಎಳೆದು, ಕ್ರಮಸಂಖ್ಯೆ ಹಾಕಿ, ಬರೆದುಕೊಂಡರು.